ಮಿರಗದಿಂದ ಹಿಂದಕ್ಕೆ ಎಣಿಸೋಣ

(ಧಾರವಾಡದಲ್ಲಿ ಕೈತೋಟದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ "ಚಳಿಗಾಲದಲ್ಲಿ ತೋಟಗಾರರ ಹವ್ಯಾಸಗಳು". ಕೇಳಿ ಸ್ವಲ್ಪ ನಗು ಬಂತು. ನಮ್ಮ ಧಾರವಾಡದಲ್ಲಿ ಚಳಿಗಾಲಕ್ಕೆ ತೋಟದವರಿಗೆ ಪುರುಸೊತ್ತು ಎಲ್ಲಿರುತ್ತದೆ? ಡಿಸೆಂಬರ್ ಬಂತೆಂದರೆ ಮೆಂತ್ಯ, ಕೊತ್ತಂಬರಿ, ಗಜ್ಜರಿ, ಮೂಲಂಗಿ, ಟೊಮೆಟೊ, ಅವರೆ ಎಲ್ಲವೂ ಒಟ್ಟಿಗೇ ಕರೆಯುತ್ತವೆ. ಸೇವಂತಿ ಅರಳಿರುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದರೆ ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಕಡಲೆ, ಜೋಳ, ಗೋಧಿ ನಿಂತಿರುತ್ತವೆ. ಸುಮ್ನೆ ಕೂರುವ ಕಾಲವೇ ಅಲ್ಲ ಅದು.

ನನ್ನ ಮಾತಿನ ಮೇಲೆ ನಂಬಿಕೆ ಬರದಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಬನ್ನಿ. ಶಿರಹಟ್ಟಿ ಕಡೆ ಇದೆ. 2024ರಲ್ಲಿ ಅದಕ್ಕೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಲ್ಲಿಗೆ ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. ಅವುಗಳ ಊರಲ್ಲಿ ಆಗ ನೆಲ ಹೆಪ್ಪುಗಟ್ಟಿರುತ್ತದೆ, ಮೇಯಲು ಏನೂ ಇರುವುದಿಲ್ಲ. ನಮ್ಮಲ್ಲಿ ಕೆರೆ ತುಂಬಿರುತ್ತದೆ, ಸುತ್ತಲಿನ ಹೊಲದಲ್ಲಿ ಹಸಿರಿರುತ್ತದೆ. ಚಳಿಗಾಲ ಎಲ್ಲಿ ಖಾಲಿ, ಎಲ್ಲಿ ತುಂಬಿದೆ ಅನ್ನುವುದು ಆ ಹಕ್ಕಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಾರ್ಚ್ ಹೊತ್ತಿಗೆ ಅವು ವಾಪಸ್ ಹೊರಡುತ್ತವೆ. ನಮ್ಮ ತೋಟಗಾರನ ಕಾಯುವ ಕಾಲ ಶುರುವಾಗುವುದೂ ಅದೇ ಹೊತ್ತಿಗೆ.

ಅಂದರೆ ನಮ್ಮ "ಚಳಿಗಾಲ" ಹೋಳಿ ಹುಣ್ಣಿಮೆಯಿಂದ ಮಿರಗದವರೆಗೆ, ಅಂದರೆ ಜೂನ್ ಮೊದಲ ವಾರ ಮುಗಿದು ಮೃಗಶಿರಾ ಮಳೆ ಕೂಡುವವರೆಗೆ. ಬಿಸಿಲಿನ ಮೂರು ತಿಂಗಳು. ಅದರ ಬಗ್ಗೆಯೇ ಮಾತಾಡುತ್ತೇನೆ. ಸಂಘಟಕರು ಬೇಜಾರು ಮಾಡಿಕೊಳ್ಳಬಾರದು.

ಚಳಿ ದೇಶಗಳ ತೋಟಗಾರರು ಏನು ಮಾಡುತ್ತಾರೆ ಅಂತ ಮೊದಲು ಒಂದು ಮಾತು. ಹಿಮ ಬಿದ್ದಾಗ ಅವರು ಒಳಗೆ ಕೂತು ಬೀಜದ ಕ್ಯಾಟಲಾಗ್ ನೋಡುತ್ತಾರೆ, ಸಲಿಕೆ ಒರೆಸುತ್ತಾರೆ, ಎಲೆ ಉದುರಿದ ಸೇಬಿನ ಗಿಡ ಸವರುತ್ತಾರೆ. ಅವರ ಬುದ್ಧಿವಂತಿಕೆ ಒಂದಿದೆ, ಅದನ್ನು ನಾವು ಕಲಿಯಬೇಕು. ಅವರು ಹಿಂದಕ್ಕೆ ಎಣಿಸುತ್ತಾರೆ. ತಮ್ಮ ಊರಲ್ಲಿ ಕೊನೆಯ ಹಿಮ ಯಾವ ವಾರ ಬೀಳುತ್ತದೆ ಅಂತ ಗುರುತು ಹಾಕಿಕೊಂಡು, ಅಲ್ಲಿಂದ 6ರಿಂದ 8 ವಾರ ಹಿಂದಕ್ಕೆ ಹೋಗಿ, ಆ ದಿನ ಟೊಮೆಟೊ ಬೀಜವನ್ನು ಕಿಟಕಿಯ ಹತ್ತಿರ ಟ್ರೇನಲ್ಲಿ ಹಾಕುತ್ತಾರೆ. ಹೊರಗೆ ನೆಲ ಬೆಚ್ಚಗಾದಾಗ ಸಸಿ ತಯಾರಿರುತ್ತದೆ.

ನಮಗೆ ಹಿಮ ಇಲ್ಲ. ಆದರೆ ಮಳೆ ನಕ್ಷತ್ರ ಇದೆ. ಅಜ್ಜಂದಿರು ಬೆರಳ ಗಿಣ್ಣಿನ ಮೇಲೆ ಲೆಕ್ಕ ಇಟ್ಟಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಏಪ್ರಿಲ್ ನಡುವೆ ಅಶ್ವಿನಿ, ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕಾ, ಮೇ 25ಕ್ಕೆ ರೋಹಿಣಿ, ಜೂನ್ 7 ಅಥವಾ 8ಕ್ಕೆ ಮೃಗಶಿರಾ, ಅಂದರೆ ನಮ್ಮ ಮಿರಗ. ಅದಾದ ಮೇಲೆ ಆರಿದ್ರಾ, ಜುಲೈ ಮೊದಲ ವಾರಕ್ಕೆ ಪುನರ್ವಸು. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಮ್ಮ ಕಡೆಗೆ ಬರಲು ಒಂದು ವಾರ ಹಿಡಿದರೆ ಮಿರಗಕ್ಕೆ ಸರಿಹೋಗುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಗಾದೆಯೇ ಇದೆಯಲ್ಲ.

ಈಗ ಹಿಂದಕ್ಕೆ ಎಣಿಸಿ ನೋಡಿ. ಮೆಣಸಿನ ಸಸಿ ಮಡಿಯಲ್ಲಿ ಸುಮಾರು 40 ದಿನ ಬೆಳೆಯಬೇಕು. ಪುನರ್ವಸು ಮಳೆಯಲ್ಲಿ ನೆಡಬೇಕು ಅಂದರೆ ರೋಹಿಣಿ ಕೂಡುವ ದಿನ ಬೀಜ ಹಾಕಿರಬೇಕು. ಬದನೆಗೂ ಹೆಚ್ಚುಕಡಿಮೆ ಅಷ್ಟೇ. ಟೊಮೆಟೊಗೆ 25ರಿಂದ 30 ದಿನ ಸಾಕು, ಮಿರಗದ ದಿನ ಹಾಕಿದರೂ ನಡೆಯುತ್ತದೆ. ಹೀರೆ, ಹಾಗಲ, ಬೆಂಡಿ, ಅವರೆಗೆ ಸಸಿ ಮಡಿಯ ಗೊಡವೆಯೇ ಬೇಡ. ಮಳೆ ಬಿದ್ದು ಹದ ಬಂದ ಮೇಲೆ ನೇರವಾಗಿ ಊರಿದರಾಯಿತು. ರೋಹಿಣಿಗೆ ಬೀಜ ಹಾಕಬೇಕೆಂದರೆ ಮೇ 20ಕ್ಕೆ ಮಡಿ ತಯಾರಿರಬೇಕು. ಮಡಿ ತಯಾರಾಗಬೇಕೆಂದರೆ ಏಪ್ರಿಲ್‌ನಲ್ಲಿ ಮಣ್ಣಿನ ಕೆಲಸ ಮುಗಿದಿರಬೇಕು. ಬೀಜ ಯಾವುದು, ಎಷ್ಟು ಮೊಳೆಯುತ್ತದೆ ಅನ್ನುವುದು ಮಾರ್ಚ್‌ನಲ್ಲೇ ಗೊತ್ತಾಗಿರಬೇಕು. ಕಾಯುವ ಕಾಲ ಖಾಲಿ ಕಾಲ ಅಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಬಹಳ ಜನ ಮಿರಗದ ದಿನ ನರ್ಸರಿಗೆ ಓಡುತ್ತಾರೆ. ಅಲ್ಲಿ ಉಳಿದ ಸಸಿ ಸಿಗುತ್ತದೆ, ಬೇಕಾದ ಸಸಿ ಸಿಗುವುದಿಲ್ಲ.

ಬೀಜದ ವಿಷಯಕ್ಕೆ ಬರುತ್ತೇನೆ. ಇದು ನನಗೆ ಬಹಳ ಇಷ್ಟದ ಕೆಲಸ, ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ.

ಹೋಳಿ ಮುಗಿದ ವಾರ ಮನೆಯ ಎಲ್ಲ ಬೀಜದ ಡಬ್ಬಿ, ಪೊಟ್ಟಣ, ಮದುವೆ ಕಾಗದದ ಲಕೋಟೆ ಎಲ್ಲವನ್ನೂ ಹೊರಗೆ ತೆಗೆಯಿರಿ. ಯಾವುದು ಯಾವ ವರ್ಷದ್ದು ನೋಡಿ. ಉಳ್ಳಾಗಡ್ಡಿ ಬೀಜದ ಆಯುಷ್ಯ ಒಂದೇ ವರ್ಷ ಅಂತ ಇಟ್ಟುಕೊಳ್ಳಿ. ಬೆಂಡಿ, ಅವರೆ, ಮೆಣಸಿನಕಾಯಿ ಎರಡು ಮೂರು ವರ್ಷ. ಟೊಮೆಟೊ, ಬದನೆ, ಸೌತೆ, ಕುಂಬಳ ಚೆನ್ನಾಗಿ ಇಟ್ಟರೆ ನಾಲ್ಕೈದು ವರ್ಷ. ಅನುಮಾನ ಬಂದರೆ ಪರೀಕ್ಷೆ ಸುಲಭ. ಹತ್ತು ಬೀಜ ಎಣಿಸಿ, ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದು ಡಬ್ಬಿಯಲ್ಲಿಡಿ. ಬಟ್ಟೆ ಒಣಗಬಾರದು, ನೀರು ನಿಲ್ಲಲೂಬಾರದು. ಅವರೆ, ಸೌತೆ ಒಂದು ವಾರದೊಳಗೆ ಉತ್ತರ ಕೊಡುತ್ತವೆ. ಮೆಣಸು, ಬದನೆಗೆ ಎರಡು ವಾರ ತಾಳ್ಮೆ ಬೇಕು. ಏಳೆಂಟು ಮೊಳೆತರೆ ಚಿಂತೆ ಇಲ್ಲ. ನಾಲ್ಕೈದು ಮೊಳೆತರೆ ಎರಡು ಪಟ್ಟು ಬಿತ್ತಿ. ಒಂದೋ ಎರಡೋ ಮೊಳೆತರೆ ಹಕ್ಕಿಗೆ ಹಾಕಿ, ಹೊಸದು ತನ್ನಿ. ಆದರೆ ಪೇಟೆಯ ಪೊಟ್ಟಣದ ಬೀಜಕ್ಕೆ ಬಣ್ಣದ ಔಷಧಿ ಹಚ್ಚಿದ್ದರೆ ಹಕ್ಕಿಗೆ ಹಾಕಬೇಡಿ. ಅದು ವಿಷ.

ಬೀಜಕ್ಕೆ ಎರಡು ಶತ್ರು, ತೇವ ಮತ್ತು ಬಿಸಿ. ಬೀಜದ ತೇವ ಶೇಕಡಾ 1 ಕಡಿಮೆಯಾದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ. ಇಟ್ಟ ಜಾಗ 5 ಡಿಗ್ರಿ ತಂಪಾದರೂ ಹಾಗೇ ಎರಡು ಪಟ್ಟು. ಬೀಜ ವಿಜ್ಞಾನದವರು ಬಳಸುವ ಹಳೆಯ ಲೆಕ್ಕ ಇದು. ನಮ್ಮ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಅವರೆ ಬೀಜವನ್ನು ಬೂದಿಯಲ್ಲಿ ಕಲಸಿ ಮಡಿಕೆಯಲ್ಲಿ ತುಂಬುತ್ತಿದ್ದರು. ಬೂದಿ ತೇವ ಹೀರುತ್ತದೆ, ಹುಳ ಓಡಾಡಲು ಸಂದು ಬಿಡುವುದಿಲ್ಲ. ಕುಂಬಳ, ಸೌತೆ ಬೀಜವನ್ನು ಸೆಗಣಿಯಲ್ಲಿ ಒತ್ತಿ ಹಿತ್ತಲ ಗೋಡೆಗೆ ತಟ್ಟುತ್ತಿದ್ದರು. ಹೀರೆಕಾಯಿಯನ್ನು ಒಣಗಿಸಿ ತೊಲೆಗೆ ತೂಗು ಹಾಕಿದರೆ ಅದೇ ಬೀಜದ ಚೀಲ. ಇವತ್ತು ಗಾಜಿನ ಬಾಟಲಿ, ಒಳಗೊಂದು ಬೂದಿಯ ಪೊಟ್ಟಣ, ಫ್ರಿಜ್ಜಿನ ಕೆಳಗಿನ ಅರೆ. ಅಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ. ಏಪ್ರಿಲ್ ಅಂದರೆ ನಮ್ಮ ಮನೆಗಳಲ್ಲಿ ಸಂಡಿಗೆ, ಹಪ್ಪಳ, ಶಾವಿಗೆಯ ಸಂಭ್ರಮ. ತಾರಸಿಯ ತುಂಬ ಸೀರೆ ಹಾಸಿರುತ್ತದೆ. ಅದರ ಪಕ್ಕದಲ್ಲೇ ಬೀಜವನ್ನೂ ಹರಡಿಬಿಡೋಣ ಅನಿಸುತ್ತದೆ. ಬೇಡ. ಸಂಡಿಗೆ ಮತ್ತೆ ಹುಟ್ಟಬೇಕಿಲ್ಲ, ಬೀಜ ಹುಟ್ಟಬೇಕು. 40 ಡಿಗ್ರಿ ದಾಟಿದ ಬಿಸಿ ಅದರೊಳಗಿನ ಜೀವಕ್ಕೆ ಒಳ್ಳೆಯದಲ್ಲ. ಬೆಳಗಿನ ಎಳೆ ಬಿಸಿಲು, ಆಮೇಲೆ ಗಾಳಿಯಾಡುವ ನೆರಳು, ಅಷ್ಟು ಸಾಕು.

ಯಾವ ಬೀಜ ಇಡಬೇಕು? ಇಲ್ಲಿ ನಮ್ಮ ಸೀಮೆಗೇ ಸೇರಿದ ಎರಡು ಕತೆ ಇವೆ. ಒಂದು ರಾಣೆಬೆನ್ನೂರಿನದು. ಹಾವೇರಿ ಜಿಲ್ಲೆಯ ಆ ಭಾಗದಲ್ಲಿ ಹೈಬ್ರಿಡ್ ತರಕಾರಿ ಬೀಜ ತಯಾರಿಸುವುದೇ ಎಷ್ಟೋ ರೈತರ ಕಸುಬು. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಹಚ್ಚುತ್ತಾರೆ. ಒಂದೊಂದು ಹೂವಿಗೂ ಕೈ ಕೆಲಸ. ಅದಕ್ಕೇ ಆ ಬೀಜಕ್ಕೆ ಅಷ್ಟು ಬೆಲೆ. ಆದರೆ ಆ ಗಿಡದ ಹಣ್ಣಿನಿಂದ ನೀವು ಬೀಜ ತೆಗೆದರೆ ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಮನೆಯಲ್ಲಿ ಬೀಜ ಇಡುವವರಿಗೆ ಜವಾರಿಯೇ, ಅಂದರೆ ನಮ್ಮೂರ ಹಳೆಯ ತಳಿಯೇ ಸರಿ.

ಇನ್ನೊಂದು ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ್ದು. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯಗಳ ಬೀಜ ಬ್ಯಾಂಕ್ ನಡೆಸುತ್ತಾರೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಹುಬ್ಬಳ್ಳಿಯಿಂದ ಬಹಳ ದೂರವೇನಿಲ್ಲ. ಆದರೂ ನಾವು ಬೀಜ ಹುಡುಕಿಕೊಂಡು ಆನ್‌ಲೈನ್‌ನಲ್ಲಿ ಬೆಂಗಳೂರು, ಪುಣೆ ಸುತ್ತುತ್ತೇವೆ.

ಬ್ಯಾಡಗಿ ಮೆಣಸಿನಕಾಯಿ ಹೇಳದಿದ್ದರೆ ಹಾವೇರಿಯವರು ನನ್ನನ್ನು ಬಿಡುವುದಿಲ್ಲ. 2011ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಸೀಮೆಯ ಹೆಸರಿಗೆ ಕಾನೂನಿನ ಗುರುತು ಸಿಕ್ಕ ತಳಿ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಮಾರ್ಚ್‌ನಲ್ಲಿ ಅಡುಗೆಗೆ ತಂದ ಡಬ್ಬಿ ಕಾಯಿಯಲ್ಲೇ ದಪ್ಪ, ಸುಕ್ಕು, ಗಾಢ ಬಣ್ಣದ ನಾಲ್ಕು ಆರಿಸಿ ಬೀಜ ತೆಗೆದಿಡಬಹುದು. ಆದರೆ ಮೆಣಸಿನ ಹೂವಿನ ಮೇಲೆ ಜೇನು ಕೂರುತ್ತದೆ, ತಳಿ ಬೆರೆಯುತ್ತದೆ. ಪಕ್ಕದ ಕುಂಡದಲ್ಲಿ ಜ್ವಾಲಾ ಮೆಣಸು ಇಟ್ಟುಕೊಂಡು ಬ್ಯಾಡಗಿ ಬೀಜ ಉಳಿಸುತ್ತೇನೆ ಅಂದರೆ ಆಗುವುದಿಲ್ಲ. ಹೂವು ಅರಳುವ ಮೊದಲೇ ಒಂದು ಟೊಂಗೆಗೆ ತೆಳು ಬಟ್ಟೆಯ ಚೀಲ ಕಟ್ಟಿ. ಮೆಣಸು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ಬೀಜದಷ್ಟೇ ಗಡ್ಡೆಗಳನ್ನೂ ಈಗ ನೋಡಬೇಕು. ಡೇರೆ ಹೂವು (ಡೇಲಿಯಾ), ಅರಿಶಿನ, ಶುಂಠಿ, ಸುವರ್ಣಗಡ್ಡೆ. ಒತ್ತಿ ನೋಡಿ, ಮೆತ್ತಗಾದದ್ದು ಎಸೆಯಿರಿ. ಒಂದು ಕೊಳೆತರೆ ಬುಟ್ಟಿಯೆಲ್ಲ ಕೊಳೆಯುತ್ತದೆ.

ಇನ್ನು ಮಣ್ಣು. ನಮ್ಮ ಏಪ್ರಿಲ್ ಬಿಸಿಲನ್ನು ಎಲ್ಲರೂ ಬೈಯುತ್ತೇವೆ. ಅದನ್ನು ದುಡಿಸಿಕೊಳ್ಳುವ ದಾರಿ ಇದೆ. ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಜೊತೆಗಾರರು 1976ರಲ್ಲಿ ಅದನ್ನು ಬರೆದು ತೋರಿಸಿದರು. ಸಸಿ ಮಡಿಯನ್ನು ಅಗೆದು ಹದ ಮಾಡಿ, ಚೆನ್ನಾಗಿ ನೀರು ಹಾಯಿಸಿ, ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನೆಲ್ಲ ಮಣ್ಣಿನಲ್ಲಿ ಮುಚ್ಚಿಬಿಡಿ. ನಾಲ್ಕರಿಂದ ಆರು ವಾರ ಮುಟ್ಟಬೇಡಿ. ಸಸಿಯ ಕಾಂಡ ಕೊಳೆಸುವ ಬೂಸ್ಟು, ಕಳೆಯ ಬೀಜ, ಜಂತುಹುಳ ಬಹಳಷ್ಟು ಒಳಗೇ ಬೆಂದುಹೋಗುತ್ತವೆ. ಹಾಳೆ ಕಪ್ಪಗಿರಬಾರದು. ಕಪ್ಪು ಹಾಳೆ ತಾನು ಕಾಯುತ್ತದೆ, ಪಾರದರ್ಶಕವಾದದ್ದು ಬಿಸಿಲನ್ನು ಮಣ್ಣಿಗೆ ಬಿಡುತ್ತದೆ. ನೀರು ಯಾಕೆ ಅಂದರೆ ಒದ್ದೆ ಮಣ್ಣಿನಲ್ಲಿ ಬಿಸಿ ಆಳಕ್ಕೆ ಇಳಿಯುತ್ತದೆ, ಒಳಗಿನ ಜೀವಿಗಳೂ ಎಚ್ಚರವಾಗಿ ಸಿಕ್ಕಿಬೀಳುತ್ತವೆ. ಇಷ್ಟೆಲ್ಲ ಮಾಡಿದರೂ ಜೇಕು ಅನ್ನುವ ಕಳೆ ಸಾಯುವುದಿಲ್ಲ. ಅದರ ಗಡ್ಡೆ ಕೆಳಗೆ ಇರುತ್ತದೆ. ಅದಕ್ಕೆ ಕುರ್ಪಿ ಹಿಡಿದು ಕೂರುವುದೇ ದಾರಿ. ಯಾರಾದರೂ ಬೇರೆ ದಾರಿ ಇದೆ ಅಂದರೆ ಅವರು ಏನೋ ಮಾರುತ್ತಿದ್ದಾರೆ.

ನಿಮ್ಮ ಮಣ್ಣು ಯಾವುದು ಅನ್ನುವುದೂ ಮುಖ್ಯ. ಧಾರವಾಡದ ಗುಡ್ಡದ ಓಣಿಗಳಲ್ಲಿ ಕೆಂಪು ಮಸಾರಿ, ನವಲಗುಂದ ದಾರಿ ಹಿಡಿದರೆ ಎರೆ. ಎರೆ ಮಣ್ಣಿನ ಜಿಗುಟು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಆ ಬಿರುಕಿನೊಳಗೆ ಮೇಲಿನ ಪುಡಿ ಮಣ್ಣು ಬಿದ್ದು ತಾನೇ ತಾನಾಗಿ ಮಗುಚುತ್ತದೆ. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಜೋರಾಗಿ ಅಲ್ಲಾಡಿಸಿ ಇಡಿ. ಉಸುಕು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಗೋಡು ಕೆಲವು ಗಂಟೆಯಲ್ಲಿ. ಜಿಗುಟು ಮಾತ್ರ ದಿನಗಟ್ಟಲೆ ನೀರನ್ನು ಕಲಕಾಗಿಯೇ ಇಡುತ್ತದೆ. ಬೇಸಿಗೆ ರಜೆಯ ಮಕ್ಕಳಿಗೆ ಒಳ್ಳೆಯ ಆಟ ಇದು.

ಎರೆಯಲ್ಲಿ ಗುಲಾಬಿ, ದಾಸವಾಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಹೆಚ್ಚಾಗಿ ಗಿಡಕ್ಕೆ ಸಿಗುವುದಿಲ್ಲ. ಮಣ್ಣು ಪರೀಕ್ಷೆಗೆ ಕೊಡಲು ಇದೇ ಸರಿಯಾದ ಕಾಲ. ತೋಟದ ಐದಾರು ಕಡೆಯಿಂದ, 15 ಸೆಂಟಿಮೀಟರ್ ಆಳದವರೆಗೆ ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಗೊಬ್ಬರ ಹಾಕಿದ ಮೇಲೆ ತೆಗೆದ ಮಣ್ಣು ಸುಳ್ಳು ಹೇಳುತ್ತದೆ.

ಗೊಬ್ಬರ ಅಂದಾಗ ನೆನಪಾಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ಬೇವು, ಸಾಗವಾನಿ, ಹೊಂಗೆ ಎಲೆ ಉದುರಿಸುತ್ತವೆ. ಓಣಿ ಓಣಿಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತೇವೆ. ಆಮೇಲೆ ಅದೇ ಜನ ಜೂನ್‌ನಲ್ಲಿ ಗೊಬ್ಬರದ ಚೀಲಕ್ಕೆ ದುಡ್ಡು ಕೊಡುತ್ತೇವೆ. ಇದಕ್ಕಿಂತ ದಡ್ಡತನ ನನಗೆ ಕಾಣಿಸುವುದಿಲ್ಲ. ಆ ಎಲೆ ತಂದು, ನೆನೆಸಿ, ಸೆಗಣಿ ನೀರು ಚಿಮುಕಿಸಿ, ಒಂದು ಮೂಲೆಯಲ್ಲಿ ತುಳಿದು ಮುಚ್ಚಿ. ಸಾಗವಾನಿ ನಿಧಾನ, ಅದನ್ನು ಮುರಿದು ಹಾಕಿ.

ಮೇ ತಿಂಗಳಲ್ಲಿ ಇನ್ನೊಂದು ಹವ್ಯಾಸ ಬಂದಿದೆ, ಬೀಜದುಂಡೆ, ಅಂದರೆ ಮಣ್ಣು ಗೊಬ್ಬರದೊಳಗೆ ಬೀಜ ಇಟ್ಟು ಕಟ್ಟಿದ ಉಂಡೆ. ಶಾಲೆ, ಸಂಘ ಎಲ್ಲ ಸೇರಿ ಸಾವಿರಗಟ್ಟಲೆ ಉಂಡೆ ಕಟ್ಟಿ ಗುಡ್ಡಕ್ಕೆ ಎಸೆಯುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕಲ್ಲಿನ ಮೇಲೆ ಬಿದ್ದದ್ದು ಒಣಗುತ್ತದೆ, ಮೊಳೆತದ್ದನ್ನು ಮೇಕೆ ಮೇಯುತ್ತದೆ. ಗದಗ ಕಡೆಯ ಕಪ್ಪತಗುಡ್ಡದಂಥ ಜಾಗಕ್ಕೆ, 2019ರಿಂದ ಅದು ವನ್ಯಜೀವಿ ಧಾಮ, ಕಂಡ ಕಂಡ ಬೀಜ ಎಸೆಯಲೂ ಬಾರದು. ಅಲ್ಲಿ ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಂಡರೆ ಅದರ ಬೀಜ ಅದೇ ಬಿತ್ತಿಕೊಳ್ಳುತ್ತದೆ.

ಅದಕ್ಕಿಂತ ಮಾವಿನ ಹಣ್ಣು ತಿನ್ನಿ! ನಮ್ಮ ಧಾರವಾಡದ ಆಪೂಸು ಮೇ ತಿಂಗಳಲ್ಲಿ ಬರುತ್ತದೆ. ಗೊರಟೆಯನ್ನು ಒಣಗಿಸಿ ಇಡಬೇಡಿ. ಮಾವು, ಹಲಸು, ನೇರಳೆ ಬೀಜ ಒಣಗಿದರೆ ಸಾಯುತ್ತವೆ, ತಿಂದ ವಾರದಲ್ಲೇ ಊರಬೇಕು. ಜವಾರಿ ಹುಳಿ ಮಾವಿನ ಗೊರಟೆ ಊರಿದರೆ ಇನ್ನೂ ಒಳ್ಳೆಯದು. ಮೊಳೆತು ಎಲೆ ತಾಮ್ರದ ಬಣ್ಣದಲ್ಲಿರುವಾಗಲೇ, ಅಂದರೆ ಎರಡು ವಾರದೊಳಗೆ, ಅದರ ಮೇಲೆ ಆಪೂಸಿನ ಕಡ್ಡಿ ಕಸಿ ಮಾಡಬಹುದು. ಜೂನ್, ಜುಲೈನ ತೇವದ ಗಾಳಿ ಕಸಿಗೆ ಬಹಳ ಒಳ್ಳೆಯದು.

ನೀರಿನ ಬಗ್ಗೆ ಒಂದೇ ಮಾತು. ಏಪ್ರಿಲ್‌ನಲ್ಲಿ ಹಟ ಹಿಡಿದು ಎಲ್ಲವನ್ನೂ ಹಸಿರಾಗಿಡಲು ಹೋಗಬೇಡಿ. ಸವಣೂರಿನ ದೊಡ್ಡಹುಣಸೆ ಮರ ನೋಡಿದ್ದೀರಲ್ಲ, ಆಫ್ರಿಕಾ ಮೂಲದ ಬಾವೊಬಾಬ್? ಮೂರು ಮರಗಳಿದ್ದವು. 2023ರ ಮಳೆಗಾಲದಲ್ಲಿ ಒಂದು ಉರುಳಿತು, ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಆ ಮರ ಒಣ ತಿಂಗಳಲ್ಲಿ ಎಲೆಯನ್ನೆಲ್ಲ ಉದುರಿಸಿ, ಕಾಂಡದಲ್ಲಿ ನೀರು ಇಟ್ಟುಕೊಂಡು ಮಳೆಗೆ ಕಾಯುತ್ತದೆ. ನಿಮ್ಮ ಎಷ್ಟೋ ಗಿಡಗಳಿಗೂ ಆ ವಿದ್ಯೆ ಗೊತ್ತು. ಬೋಗನ್‌ವಿಲ್ಲಾ, ಅಡೇನಿಯಂ ನೀರು ಕಡಿಮೆಯಾದರೇ ಹೂವು ಬಿಡುವುದು. ಇರುವ ನೀರನ್ನು ಮಲ್ಲಿಗೆಗೆ, ಕರಿಬೇವಿಗೆ, ಹೋದ ವರ್ಷ ನೆಟ್ಟ ಎಳೆ ಮರಗಳಿಗೆ ಕೊಡಿ. ಬುಡಕ್ಕೊಂದು ಬಾಯಿ ಸಣ್ಣದಾದ ಮಣ್ಣಿನ ಗಡಿಗೆ ಹೂತು ತುಂಬಿಸಿದರೆ ನೀರು ಜಿನುಗುತ್ತಾ ಬೇರಿಗೇ ಹೋಗುತ್ತದೆ.

ಕೊನೆಗೆ ಎರಡು ಪ್ರಶ್ನೆ ಬಂದಿದ್ದವು, ಅದನ್ನೂ ಸೇರಿಸುತ್ತೇನೆ.

ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಂಡ ಮಾತ್ರ ಇರುವವರು ಏನು ಮಾಡಬೇಕು ಅಂತ ಒಬ್ಬ ತಾಯಿ ಕೇಳಿದರು. ಬೆಳೆ ಮುಗಿದ ಕುಂಡದ ಮಣ್ಣನ್ನು ಸುರಿದು, ಬೇರು ಆರಿಸಿ, ತೆಳುವಾಗಿ ಹರಡಿ ಬಿಸಿಲಿಗೆ ಬಿಡಿ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಉಜ್ಜಿ ತೊಳೆಯಿರಿ. ಮಣ್ಣಿಗೆ ಮೂರನೇ ಒಂದು ಭಾಗ ಗೊಬ್ಬರ ಸೇರಿಸಿ ಚೀಲ ಕಟ್ಟಿಡಿ. ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಪಶ್ಚಿಮದ ಬಿಸಿಲಿನಿಂದ ಸರಿಸಿ, ಒಳಗೆ ಬೇರು ಬೇಯುತ್ತದೆ.

ಇನ್ನೊಬ್ಬರು ನೇರವಾಗಿ ಕೇಳಿದರು: "ನೀವು ಹೇಳಿದಂತೆ ಎಣಿಸಿ ಕೂತೆವು, ಮಿರಗ ಕೈಕೊಟ್ಟರೆ?" ಕೊಡುತ್ತದೆ. 2023ರ ಜೂನ್ ನೆನಪಿದೆಯಲ್ಲ, ಮಳೆ ತಡವಾಗಿ ಕೊನೆಗೆ ಬರವೇ ಬಂತು. ಆದ್ದರಿಂದ ನೇರವಾಗಿ ಊರುವ ಬೀಜವನ್ನು ಎಂದೂ ಒಂದೇ ಸಲ ಊರಬೇಡಿ. ಅರ್ಧ ಮಿರಗಕ್ಕೆ ಊರಿ, ಉಳಿದರ್ಧ ಡಬ್ಬಿಯಲ್ಲೇ ಇರಲಿ, ಆರಿದ್ರಾಕ್ಕೆ. ಮಡಿಯ ಸಸಿಯನ್ನು ನೀರು ಕಡಿಮೆ ಮಾಡಿ ಒಂದು ವಾರ ಹತ್ತು ದಿನ ತಡೆಯಬಹುದು, ಅದು ಗಟ್ಟಿಯಾಗುತ್ತದೆ. ಅದಕ್ಕಿಂತ ಜಾಸ್ತಿ ತಡೆದರೆ ನೆಟ್ಟ ಮೇಲೆ ಬೆಳೆಯುವುದಿಲ್ಲ. ಪುನರ್ವಸು ದಾಟಿಯೂ ನೆಲ ಹಸಿಯಾಗದಿದ್ದರೆ ಮೆಣಸನ್ನು ನಾಲ್ಕು ಕುಂಡಕ್ಕೆ ಇಳಿಸಿ, ಉಳಿದ ಜಾಗಕ್ಕೆ ಹುರುಳಿ, ಅಲಸಂದಿ ಚೆಲ್ಲಿ. ಅವು ಕಡಿಮೆ ಮಳೆಗೂ ಬರುತ್ತವೆ.